ಮಳೆಗಾಲದಲ್ಲಿ ಪೇಂಟ್ ಬೂತ್ ಹೀಟರ್ 30 ಡಿಗ್ರಿಯಲ್ಲಿ ಯಾಕೆ ನಿಲ್ಲೋದಿಲ್ಲ?

ಪ್ರಶ್ನೆ: ಮಂಗಳೂರಿನ ಬೈಕಂಪಾಡಿಯಲ್ಲಿ ನಮ್ಮದು ಬಸ್ಸು, ಟ್ರಕ್ ಬಾಡಿಗಳಿಗೆ ಪೇಂಟ್ ಮಾಡುವ ಯೂನಿಟ್. ಬೂತ್‌ಗೆ ಬಿಸಿ ಗಾಳಿ ಕೊಡ್ಲಿಕ್ಕೆ ಎಲ್‌ಪಿಜಿಯಲ್ಲಿ ಉರಿಯುವ ಮೇಕಪ್ ಏರ್ ಹೀಟರ್ ಉಂಟು. ಹೊರದೇಶದ ಹಳೇ ಮೆಷಿನ್, ನೇರ ಗಾಳಿಯಲ್ಲೇ ಬೆಂಕಿ ಉರಿಯುವಂಥದ್ದು, ಪ್ಲೇಟ್‌ನಲ್ಲಿ 350 ಕಿಲೋವ್ಯಾಟ್ ಅಂತ ಉಂಟು. ಬೇಕಿಂಗ್‌ಗೆ 60 ಡಿಗ್ರಿ ಇಟ್ರೆ ಗಟ್ಟಿ ನಿಲ್ತದೆ. ಸ್ಪ್ರೇ ಮಾಡುವಾಗ 30 ಇಟ್ರೆ 28ರಿಂದ 36ರ ವರೆಗೆ ಓಲಾಡ್ತದೆ, ಬರ್ನರ್ ಆಫ್ ಆಗಿ ಆಗಿ ಹತ್ತಿಕೊಳ್ತದೆ. ಜನವರಿ ಬೆಳಿಗ್ಗೆ ಹೀಗೆ ಇರ್ಲಿಲ್ಲ, ಜೂನ್‌ನಿಂದ ಶುರು. ಬಿಸಿ ನೋಡಿ ಗ್ಯಾಸ್ ಹೆಚ್ಚು ಕಡಿಮೆ ಮಾಡಿಸುವ ಪಿಐಡಿ ಕಂಟ್ರೋಲರ್ ಹೊಸದು ಹಾಕಿದೆವು, ವ್ಯತ್ಯಾಸ ಇಲ್ಲ. ಈಗ ಎಲೆಕ್ಟ್ರಿಷಿಯನ್ ಗಾಳಿಯ ಪ್ರೆಶರ್ ಸ್ವಿಚ್ ಜಂಪರ್ ಮಾಡಿ, ಅಂದ್ರೆ ವೈರ್ ಕೊಟ್ಟು ಅದನ್ನು ಬೈಪಾಸ್ ಮಾಡಿ ನೋಡುವ ಅಂತಿದ್ದಾರೆ. ಪೈಪ್ ಗ್ಯಾಸ್‌ಗೆ ಹೋದ್ರೆ ಸರಿ ಆಗ್ತದಾ ಸರ್?

ಉತ್ತರ: ಮೊದಲು ಜಂಪರ್ ವಿಷಯ. ದಯವಿಟ್ಟು ಮಾಡ್ಬೇಡಿ, ಐದು ನಿಮಿಷ ಟೆಸ್ಟಿಗೆ ಅಂತಲೂ ಬೇಡ. ಆ ಸ್ವಿಚ್ ಇರುವುದು ಫ್ಯಾನ್ ತಿರುಗಿದ್ರೆ ಸಾಲದು, ಗಾಳಿ ನಿಜವಾಗಿ ಬರ್ನರ್ ಮೇಲೆ ಹಾಯ್ತಾ ಉಂಟು ಅಂತ ನೋಡ್ಲಿಕ್ಕೆ. ಬೆಲ್ಟ್ ತುಂಡಾದ್ರೆ, ಡ್ಯಾಂಪರ್ ಮುಚ್ಚಿಕೊಂಡ್ರೆ ಗ್ಯಾಸ್ ಕಟ್ ಮಾಡುವುದು ಅದೇ. ಎದುರಿಗೆ ತಿನ್ನರ್ ಆವಿ ಇರುವ ಬೂತ್, ಹಿಂದೆ ಎಲ್‌ಪಿಜಿ, ಮಧ್ಯದಲ್ಲಿ ನಿಮ್ಮ ಹುಡುಗರು. ಮತ್ತೆ ನಿಮ್ಮ ತೊಂದರೆಗೂ ಆ ಸ್ವಿಚ್‌ಗೂ ಸಂಬಂಧವೇ ಇದ್ದ ಹಾಗೆ ಕಾಣುವುದಿಲ್ಲ, ಅದು ಕಟ್ ಮಾಡ್ತಾ ಇದ್ರೆ 60 ಡಿಗ್ರಿಯಲ್ಲೂ ಮಾಡ್ಬೇಕಿತ್ತು ಅಲ್ವಾ.

ಹೊಸ ಕಂಟ್ರೋಲರ್‌ಗೂ ಇದೇ ಮಾತು. ಸೆನ್ಸರ್, ಕಂಟ್ರೋಲರ್, ವಾಲ್ವ್ ಮೂರರಲ್ಲಿ ಒಂದು ಪೂರ್ತಿ ಕೆಟ್ಟಿದ್ರೆ ಬೇಕಿಂಗ್ ಹೊತ್ತಲ್ಲೂ ಗೊತ್ತಾಗ್ತಿತ್ತು. 60ಕ್ಕೆ ಸರಿ, 30ಕ್ಕೆ ಇಲ್ಲ, ಜನವರಿಯಲ್ಲಿ ಸರಿ, ಜೂನ್‌ನಲ್ಲಿ ಇಲ್ಲ. ಈ ಎರಡು ಮಾತಲ್ಲೇ ಉತ್ತರ ಉಂಟು: ನಿಮ್ಮ ಬರ್ನರ್‌ಗೆ ಬೇಕಾದಷ್ಟು ಸಣ್ಣಗೆ ಉರೀಲಿಕ್ಕೆ ಆಗ್ತಾ ಇಲ್ಲ. ಅತಿ ಸಣ್ಣ ಉರಿ, ನಮ್ಮವರು ಲೋ ಫೈರ್ ಅಂತ ಹೇಳುವುದು, ಅದೇ ನಿಮಗೆ ಬೇಕಾದ ಬಿಸಿಗಿಂತ ಜಾಸ್ತಿ ಕೊಡ್ತಾ ಉಂಟು. ಮದುವೆ ಅಡುಗೆಯ ದೊಡ್ಡ ಒಲೆಯನ್ನು ಎಷ್ಟು ಸಿಮ್ ಮಾಡಿದ್ರೂ ಅದರ ಮೇಲೆ ಒಂದು ಲೋಟ ಚಾ ಹದವಾಗಿ ಕಾಯಿಸ್ಲಿಕ್ಕೆ ಆಗುವುದಿಲ್ಲ, ಹಾಗೆ.

ಈ ಮೆಷಿನ್ ಎಂತಕ್ಕೆ ಹುಟ್ಟಿದ್ದು ಅಂತ ನೋಡಿದ್ರೆ ವಿಷಯ ಬೇಗ ತಲೆಗೆ ಹೋಗ್ತದೆ. ಬೂತ್‌ನಿಂದ ಎಕ್ಸಾಸ್ಟ್ ಫ್ಯಾನ್ ಎಷ್ಟು ಗಾಳಿ ಎಳೀತದೋ ಅಷ್ಟೇ ಗಾಳಿ ಒಳಗೆ ಬರ್ಬೇಕು, ಇಲ್ಲಾಂದ್ರೆ ಒಳಗೆ ಒತ್ತಡ ಕಡಿಮೆ ಆಗಿ ಬಾಗಿಲು ತೆಗೀಲಿಕ್ಕೆ ಕಷ್ಟ, ಸಂದಿಗಳಿಂದ ಧೂಳು ನುಗ್ತದೆ. ಹೋದ ಗಾಳಿಗೆ ಬದಲಿ ಕೊಡುವ ಗಾಳಿ, ಅದೇ ಮೇಕಪ್ ಏರ್. ಕೆನಡಾ, ಅಮೆರಿಕದ ಉತ್ತರ ಭಾಗ, ಇಂಥ ಕಡೆ ಚಳಿಗಾಲದಲ್ಲಿ ಹೊರಗೆ ಮೈನಸ್ 20 ಡಿಗ್ರಿ, ಒಳಗೆ ಬೇಕಾದ್ದು ಪ್ಲಸ್ 20, ಅಂದ್ರೆ 40 ಡಿಗ್ರಿ ಏರಿಸ್ಬೇಕು. ಅಲ್ಲಿಗೆ ಲೆಕ್ಕ ಹಾಕಿದ ಬರ್ನರ್ ಅದು. ನಮ್ಮ ಮಂಗಳೂರಲ್ಲಿ ಜನವರಿ ಬೆಳಿಗ್ಗೆ 21 ಡಿಗ್ರಿ ಬಂದ್ರೆ ನಮಗೆ ಚಳಿ, ಮಳೆಗಾಲದಲ್ಲಿ ಹಗಲು ರಾತ್ರಿ 25ರಿಂದ 28ರ ಮಧ್ಯೆ. ನಿಮ್ಮ ಸ್ಪ್ರೇಗೆ ಬೇಕಾದ್ದು 3 ಡಿಗ್ರಿ ಏರಿಕೆ ಮಾತ್ರ. ದೊಡ್ಡ ಉರಿಗೆ ಹುಟ್ಟಿದ ಮೆಷಿನನ್ನು ಸ್ಪ್ರೇ ಹೊತ್ತಲ್ಲಿ ನಾವು ಇಡೀ ವರ್ಷ ಅದರ ಕೆಳಗಿನ ತುದಿಯಲ್ಲೇ ಓಡಿಸ್ತೇವೆ, ಮತ್ತೆ ಗ್ಯಾಸ್ ಬರ್ನರ್ ಕಂಟ್ರೋಲ್ ಅತೀ ಕಷ್ಟ ಆಗುವುದು ಆ ತುದಿಯಲ್ಲೇ.

ಲೆಕ್ಕ ಮಾಡುವ. ಗಾಳಿ ಎಷ್ಟು ಅಂತ ನೀವು ಬರೀಲಿಲ್ಲ, ಸೆಕೆಂಡಿಗೆ 5 ಘನ ಮೀಟರ್ ಅಂತ ಇಟ್ಟುಕೊಳ್ಳಿ, ಈ ಸೈಜ್ ಬೂತ್‌ಗೆ ಇದು ಹೊಂದುವ ಅಂಕಿ. ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಏರಿಸ್ಲಿಕ್ಕೆ ಸುಮಾರು 1.2 ಕಿಲೋಜೂಲ್ ಬೇಕು, ಹಾಗಾಗಿ 5 ಘನ ಮೀಟರ್‌ಗೆ ಡಿಗ್ರಿಗೆ 6 ಕಿಲೋವ್ಯಾಟ್. ಹೊರಗೆ 27, ಬೇಕಿಂಗ್‌ಗೆ 60, ವ್ಯತ್ಯಾಸ 33, ಅಂದ್ರೆ 198 ಕಿಲೋವ್ಯಾಟ್. 350ರ ಬರ್ನರ್‌ಗೆ ಇದು ಆರಾಮದ ಜಾಗ, ಅದಕ್ಕೇ ಗಟ್ಟಿ ನಿಲ್ತದೆ. ಸ್ಪ್ರೇಗೆ 27ರಿಂದ 30, ಬರೀ 18 ಕಿಲೋವ್ಯಾಟ್. ಈಗ ಲೋ ಫೈರ್ ಎಷ್ಟು ಅಂತ ನೋಡಿ. ಈ ಜಾತಿಯ, ಉದ್ದಕ್ಕೆ ಸಾಲಾಗಿ ಉರಿಯುವ ಲೈನ್ ಬರ್ನರ್‌ಗಳು ಒಳ್ಳೆ ಸ್ಥಿತಿಯಲ್ಲಿ ಫುಲ್ ಫೈರ್‌ನ 25ನೇ ಒಂದು ಭಾಗದ ವರೆಗೂ ಇಳೀತವೆ, ಅಂದ್ರೆ 14 ಕಿಲೋವ್ಯಾಟ್. ಹಳೇ ಮೆಷಿನ್‌ನಲ್ಲಿ ಯಾರಾದ್ರೂ ಬೆಂಕಿ ಆರಿ ಹೋಗ್ತದೆ ಅಂತ ಲೋ ಫೈರ್ ಸ್ಕ್ರೂ ಸ್ವಲ್ಪ ಜಾಸ್ತಿ ತಿರುಗಿಸಿಟ್ಟು 10ನೇ ಒಂದು ಭಾಗಕ್ಕೆ ನಿಲ್ಲಿಸಿದ್ರೆ 35 ಕಿಲೋವ್ಯಾಟ್, ಅದು ಸುಮಾರು 6 ಡಿಗ್ರಿ ಏರಿಸ್ತದೆ. 27ಕ್ಕೆ 6 ಸೇರಿಸಿ, 33. ಸೆಟ್ 30. ಕಂಟ್ರೋಲರ್ ಪಾಪ ಎಂತ ಮಾಡ್ತದೆ? ವಾಲ್ವ್ ಪೂರ್ತಿ ಕೆಳಗೆ ಇಳಿಸಿ ಆಯ್ತು, ಇನ್ನೂ ಬಿಸಿ ಏರ್ತಾ ಉಂಟು, ಕೊನೆಗೆ ಮೇಲಿನ ಲಿಮಿಟ್ ಮುಟ್ಟಿದ ಕೂಡ್ಲೇ ಬರ್ನರ್ ಬಂದ್. ಗಾಳಿ 28ಕ್ಕೆ ತಣಿದ ಮೇಲೆ ಮತ್ತೆ ಪರ್ಜ್ (ಹತ್ತಿಸುವ ಮುಂಚೆ ಒಳಗೆ ಉಳಿದ ಗ್ಯಾಸನ್ನು ಗಾಳಿ ಊದಿ ಹೊರಗೆ ಹಾಕುವುದು), ಮತ್ತೆ ಕಿಡಿ. ನಿಮ್ಮ 28 ಅಂದ್ರೆ ಹೆಚ್ಚು ಕಡಿಮೆ ಹೊರಗಿನ ಗಾಳಿಯೇ ನೋಡಿ, ಬರ್ನರ್ ಆಫ್ ಇದ್ದಾಗಿನದ್ದು. ಜನವರಿ ಬೆಳಿಗ್ಗೆ 21ರಿಂದ 30ಕ್ಕೆ 9 ಡಿಗ್ರಿ, 54 ಕಿಲೋವ್ಯಾಟ್, ಲೋ ಫೈರ್‌ಗಿಂತ ಮೇಲೆ, ಹಾಗಾಗಿ ಕಂಟ್ರೋಲರ್ ಕೈಗೆ ಸಿಕ್ಕಿತ್ತು.

33 ಸರಿ, 36 ಯಾಕೆ ಬಂತು ಅಂತ ಕೇಳಬಹುದು. ಎರಡು ಕಾರಣ ಇರಬಹುದು, ಎರಡೂ ಒಟ್ಟಿಗೂ ಇರಬಹುದು. ಒಂದು, ಫಿಲ್ಟರ್. ಮಳೆಗಾಲದಲ್ಲಿ ಇನ್‌ಟೇಕ್ ಫಿಲ್ಟರ್ ಒದ್ದೆ ಆಗಿ ಧೂಳು ಕೆಸರಿನ ಹಾಗೆ ಹಿಡೀತದೆ, ಗಾಳಿ 5ರಿಂದ 3.5ಕ್ಕೆ ಇಳಿದ್ರೆ ಅದೇ 35 ಕಿಲೋವ್ಯಾಟ್ 8 ಡಿಗ್ರಿಗೂ ಮೇಲೆ ಏರಿಸ್ತದೆ, 35 ದಾಟಿತು. ಗ್ಯಾಸ್ ಬದಲಾಗಲಿಲ್ಲ, ಗಾಳಿ ಬದಲಾಯ್ತು. ಇನ್ನೊಂದು ಪಿಐಡಿ ಒಳಗಿನದ್ದು. ಬರ್ನರ್ ಆಫ್ ಇರುವಾಗ ಗಾಳಿ 30ಕ್ಕಿಂತ ಕೆಳಗೆ ಇಳಿದ ಕೂಡ್ಲೇ ಕಂಟ್ರೋಲರ್‌ನ 'ಐ' ಭಾಗ ಇನ್ನೂ ಬಿಸಿ ಬೇಕು ಇನ್ನೂ ಬಿಸಿ ಬೇಕು ಅಂತ ಕೂಡಿಸ್ತಾ ಹೋಗ್ತದೆ, ಪರ್ಜ್ ಮುಗಿದು ಬೆಂಕಿ ಹತ್ತುವ ಹೊತ್ತಿಗೆ ವಾಲ್ವ್‌ಗೆ ದೊಡ್ಡ ಸಿಗ್ನಲ್ ರೆಡಿ ಇರ್ತದೆ, ಬೆಂಕಿ ಹತ್ತಿದ ಕೂಡ್ಲೇ ದೊಡ್ಡದಾಗ್ತದೆ, ಮತ್ತೆ ಬಿಸಿ ಹೆಚ್ಚಾಯ್ತು. ಇದನ್ನು ವೈಂಡಪ್ ಅಂತ ಹೇಳ್ತೇವೆ. ಹೊಸ ಕಂಟ್ರೋಲರ್‌ಗಳಲ್ಲಿ ಹೆಚ್ಚಿನವಕ್ಕೆ ಬರ್ನರ್ ಆಫ್ ಇರುವಾಗ ಲೆಕ್ಕ ನಿಲ್ಲಿಸಿ ಇಡುವ ಇನ್‌ಪುಟ್ ಉಂಟು, ವೈರಿಂಗ್ ಮಾಡಿದವರು ಅದನ್ನು ಬರ್ನರ್ ರಿಲೇಗೆ ಕೊಟ್ಟಿದ್ದಾರಾ ಕೇಳಿ.

ಈಗ ಕಂಟ್ರೋಲ್ ಹೇಗೆ ನಡೀತದೆ ಅಂತ ಸ್ವಲ್ಪ ಒಳಗೆ ಹೋಗುವ, ಯಾಕಂದ್ರೆ ಇದು ಗೊತ್ತಿಲ್ಲದೆ ತುಂಬಾ ಜನ ಪಾರ್ಟ್ ಬದಲಾಯಿಸ್ತಾ ದುಡ್ಡು ಹಾಳು ಮಾಡ್ತಾರೆ. ನಿಮ್ಮ ಜಾತಿಯ ಹೀಟರ್‌ನಲ್ಲಿ ಗಾಳಿ ಒಂದೇ ವೇಗದಲ್ಲಿ ಹಾಯ್ತಾ ಇರ್ತದೆ, ಬದಲಾಗುವುದು ಗ್ಯಾಸ್ ಮಾತ್ರ. ಡಕ್ಟ್‌ನಲ್ಲಿರುವ ಸೆನ್ಸರ್ ಬಿಸಿ ಅಳೆದು ಹೇಳ್ತದೆ, ಕಂಟ್ರೋಲರ್ ಅದನ್ನು ಸೆಟ್ ಪಾಯಿಂಟ್ ಜೊತೆ ಹೋಲಿಸಿ 4ರಿಂದ 20 ಮಿಲಿಆಂಪ್ ಅಥವಾ ವೋಲ್ಟೇಜ್ ಸಿಗ್ನಲ್ ಕಳಿಸ್ತದೆ, ಮಾಡ್ಯುಲೇಟಿಂಗ್ ವಾಲ್ವ್ ಅಷ್ಟು ತೆರೀತದೆ. ಅದರ ಮುಂಚೆ ಸಾಲಿನಲ್ಲಿ ಎರಡು ಸೇಫ್ಟಿ ಶಟ್ ಆಫ್ ವಾಲ್ವ್, ಅವು ತೆರೆದಿರುವುದು ಅಥವಾ ಮುಚ್ಚಿರುವುದು, ಬಿಸಿ ಹೆಚ್ಚು ಕಡಿಮೆ ಮಾಡುವ ಕೆಲಸ ಅವುಗಳದ್ದಲ್ಲ. ಒಂದು ವಿಷಯ ನೆನಪಿಡಿ, ವೋಲ್ಟೇಜ್‌ನಲ್ಲಿ ಕೆಲಸ ಮಾಡುವ ಕೆಲವು ಮಾಡ್ಯುಲೇಟಿಂಗ್ ವಾಲ್ವ್‌ಗಳು ಉಲ್ಟಾ, ವೋಲ್ಟೇಜ್ ಸೊನ್ನೆ ಆದ್ರೆ ಫುಲ್ ಫೈರ್, ವೋಲ್ಟೇಜ್ ಏರಿದ ಹಾಗೆ ಉರಿ ಸಣ್ಣ. ಅಂಥದ್ದರಲ್ಲಿ ವೈರ್ ತುಂಡಾದ್ರೆ ಬೆಂಕಿ ಆರುವುದಿಲ್ಲ, ದೊಡ್ಡದಾಗ್ತದೆ. ಬಿಸಿ ಮಿತಿ ಮೀರಿದ್ರೆ ಗ್ಯಾಸ್ ಕಟ್ ಮಾಡುವ, ಕೈಯಲ್ಲಿ ರಿಸೆಟ್ ಮಾಡುವ ಹೈ ಲಿಮಿಟ್ ಬೇರೆಯೇ ಸೆನ್ಸರ್‌ನಲ್ಲಿ ಇರ್ಬೇಕು ಅಂತ ಹೇಳುವುದು ಇದಕ್ಕೇ.

ಲೋ ಫೈರ್ ಯಾಕೆ ಅಷ್ಟು ಕಿರಿಕಿರಿ ಅಂದ್ರೆ, ತೂತಿನಿಂದ ಹೊರಡುವ ಗ್ಯಾಸ್ ಒತ್ತಡದ ವರ್ಗಮೂಲದ ಲೆಕ್ಕದಲ್ಲಿ ಹೋಗ್ತದೆ. ಉರಿ ಅರ್ಧ ಮಾಡ್ಬೇಕಾದ್ರೆ ಒತ್ತಡ ಕಾಲು ಭಾಗ ಆಗ್ಬೇಕು. ಉರಿ 25ನೇ ಒಂದು ಭಾಗ ಆಗ್ಬೇಕಾದ್ರೆ ಒತ್ತಡ 625ನೇ ಒಂದು ಭಾಗ! ಫುಲ್ ಫೈರ್‌ನಲ್ಲಿ ಬರ್ನರ್‌ಗೆ ಗ್ಯಾಸ್ ಹಂಚುವ ಮ್ಯಾನಿಫೋಲ್ಡ್‌ನಲ್ಲಿ 10 ಇಂಚು ನೀರಿನ ಒತ್ತಡ ಇದ್ರೆ ಲೋ ಫೈರ್‌ನಲ್ಲಿ 0.016 ಇಂಚು, ಸಾದಾ ಯು ಟ್ಯೂಬ್ ಮಾನೋಮೀಟರ್‌ನಲ್ಲಿ ಅದು ಕಾಣುವುದೇ ಇಲ್ಲ. ಹಾಗಾಗಿ ಲೋ ಫೈರ್ ಅನ್ನು ಗೇಜ್ ನೋಡಿ ಅಲ್ಲ, ಪೀಪ್ ಹೋಲ್‌ನಿಂದ ಬೆಂಕಿ ನೋಡಿ ಸೆಟ್ ಮಾಡ್ಬೇಕು. ಬರ್ನರ್‌ನ ಈ ತುದಿಯಿಂದ ಆ ತುದಿಗೆ ತೆಳ್ಳಗೆ, ಎಲ್ಲೂ ತುಂಡಾಗದ ಒಂದು ನೀಲಿ ಪಟ್ಟಿ ಇರ್ಬೇಕು. ಮಧ್ಯೆ ಮಧ್ಯೆ ಖಾಲಿ ಕಂಡ್ರೆ ಅಲ್ಲಿ ತೂತು ಕಟ್ಟಿರ್ತದೆ, ನಮ್ಮ ಉಪ್ಪು ಗಾಳಿಗೆ ಸ್ಟೀಲ್ ಪ್ಲೇಟ್, ತೂತುಗಳು ಬೇಗ ತುಕ್ಕು ಹಿಡೀತವೆ. ತೂತು ಕಟ್ಟಿದ್ರೆ ಮೆಕ್ಯಾನಿಕ್ ಎಂತ ಮಾಡ್ತಾನೆ, ತುದಿವರೆಗೆ ಬೆಂಕಿ ಹೋಗ್ಲಿ ಅಂತ ಲೋ ಫೈರ್ ಏರಿಸ್ತಾನೆ. ನಿಮ್ಮಲ್ಲಿ ಆಗಿರುವುದೂ ಇದೇ ಇರಬೇಕು ಅಂತ ನನ್ನ ಅಂದಾಜು. ಮೊದಲು ತೂತು ಕ್ಲೀನ್ ಮಾಡಿಸಿ, ಆಮೇಲೆ ಸ್ಕ್ರೂ ಇಳಿಸ್ಲಿಕ್ಕೆ ಹೇಳಿ. ಬಟರ್‌ಫ್ಲೈ ವಾಲ್ವ್ (ಪೈಪ್ ಒಳಗೆ ತಟ್ಟೆ ತಿರುಗುವಂಥದ್ದು) ಇದ್ರೆ ಇನ್ನೊಂದು ತಲೆಬಿಸಿ, ಅದು ಮೊದಲ ಸ್ವಲ್ಪ ಕೋನ ತೆರೆಯುವಷ್ಟರಲ್ಲೇ ಗ್ಯಾಸ್‌ನ ದೊಡ್ಡ ಪಾಲು ಬಿಟ್ಟಾಗಿರ್ತದೆ, ವಾಲ್ವ್ ತಿರುಗಿಸುವ ಲಿಂಕೇಜ್ ಸಡಿಲ ಇದ್ರಂತೂ ಕೆಳಗಿನ ತುದಿಯಲ್ಲಿ ಕಂಟ್ರೋಲ್ ಅಂತ ಇರುವುದೇ ಇಲ್ಲ.

ಬರ್ನರ್ ಸುತ್ತ ಗಾಳಿಯ ವೇಗವೂ ಹಿಡಿತದಲ್ಲಿ ಇರ್ಬೇಕು. ಎರಡು ಬದಿಯಲ್ಲಿ ಪ್ರೊಫೈಲ್ ಪ್ಲೇಟ್ ಇಟ್ಟು ಸಂದು ಕಿರಿದು ಮಾಡಿರುವುದು ಅದಕ್ಕೆ, ಸೆಕೆಂಡಿಗೆ 15 ಮೀಟರ್ ಆಸುಪಾಸು ಸಾಮಾನ್ಯ, ನಿಮ್ಮ ಮಾದರಿಗೆ ಎಷ್ಟು ಅಂತ ಮ್ಯಾನ್ಯುವಲ್‌ನಲ್ಲಿ ಇರ್ತದೆ. ವೇಗ ಕಡಿಮೆ ಆದ್ರೆ ಬೆಂಕಿ ಉದ್ದ, ಹಳದಿ. ವೇಗ ಹೆಚ್ಚಾದ್ರೆ ಸಣ್ಣ ಉರಿ ತಣಿದು ಅರ್ಧಂಬರ್ಧ ಉರೀತದೆ, ಕಾರ್ಬನ್ ಮೊನಾಕ್ಸೈಡ್ ಬರ್ತದೆ, ಕಣ್ಣು ಉರಿಯುವ ವಾಸನೆಯೂ ಬರ್ತದೆ. ಬೂತ್ ಒಳಗೆ ಹುಡುಗರು ಕಣ್ಣು ಉರಿ ಅಂದ್ರೆ ತಿನ್ನರ್ ಅಂತ ತಳ್ಳಿ ಹಾಕ್ಬೇಡಿ, ಪೇಂಟ್ ಇಲ್ಲದಾಗ ಬರೀ ಹೀಟರ್ ಓಡಿಸಿ ಕಾರ್ಬನ್ ಮೊನಾಕ್ಸೈಡ್ ಮೀಟರ್ ಹಿಡಿದು ನೋಡಿ. ನಿಮ್ಮ ಬರ್ನರ್‌ನ ಹೊಗೆ ಅದೇ ಗಾಳಿಯಲ್ಲಿ ಬೂತ್ ಒಳಗೆ ಬರ್ತದೆ, ಇದಕ್ಕೆ ಬೇರೆ ಚಿಮಣಿ ಇಲ್ಲ.

ಸೆನ್ಸರ್ ಎಲ್ಲಿ ಉಂಟು ಅಂತಲೂ ನೋಡಿ. ಬರ್ನರ್‌ಗೆ ತೀರಾ ಹತ್ತಿರ ಇದ್ರೆ, ಬೆಂಕಿ ನೇರ ಕಾಣುವ ಜಾಗದಲ್ಲಿ ಇದ್ರೆ, ಗಾಳಿಯ ಬಿಸಿ ಅಲ್ಲ, ಬೆಂಕಿಯ ಝಳ ಅಳೀತದೆ. ತುಂಬಾ ದೂರ ಇದ್ರೆ ಬಿಸಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ತಡ ಆಗಿ ಕಂಟ್ರೋಲರ್ ಈ ಕಡೆ ಆ ಕಡೆ ಓಲಾಡ್ತದೆ. ಲೋ ಫೈರ್‌ನಲ್ಲಿ ಗಾಳಿ ಸರಿ ಮಿಕ್ಸ್ ಆಗುವುದಿಲ್ಲ, ಡಕ್ಟ್‌ನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಬೇರೆ ಬೇರೆ ಬಿಸಿ ಇರ್ತದೆ, ಹಾಗಾಗಿ ಸಾಧಾರಣವಾಗಿ ಫ್ಯಾನ್ ಆದ ಮೇಲೆ, ಗಾಳಿ ಮಿಕ್ಸ್ ಆದ ಜಾಗದಲ್ಲಿ ಇಡುವುದು ಒಳ್ಳೇದು.

ಇನ್ನು ಎಂತ ಮಾಡ್ಬೇಕು? ಇದರಲ್ಲಿ ಒಂದು ಪೈಸೆ ಖರ್ಚಿಲ್ಲದ ದಾರಿ ಉಂಟು: ಮಳೆಗಾಲದಲ್ಲಿ ಸ್ಪ್ರೇ ಸೆಟ್ 30 ಬದಲು 34 ಮಾಡಿ ನೋಡಿ. ತಮಾಷೆ ಅಲ್ಲ, ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಹೀಟರ್ ಹಾಕುವುದು ಚಳಿಗಲ್ಲ, ತೇವಕ್ಕೆ. ಹೊರಗೆ 27 ಡಿಗ್ರಿ, ಶೇಕಡಾ 90 ತೇವಾಂಶ ಇರುವ ಗಾಳಿಯನ್ನು 30ಕ್ಕೆ ಏರಿಸಿದ್ರೆ ತೇವಾಂಶ ಸುಮಾರು 76ಕ್ಕೆ ಇಳೀತದೆ, 34ಕ್ಕೆ ಏರಿಸಿದ್ರೆ 60ರ ಆಸುಪಾಸಿಗೆ ಬರ್ತದೆ. ಪೇಂಟ್ ಬಿಳಿ ಮಂಜು ಹಿಡಿಯುವ ತೊಂದರೆಗೆ ಇದು ಎಷ್ಟೋ ವಾಸಿ. ಬರ್ನರ್ ಕೂಡಾ ಲೋ ಫೈರ್‌ಗಿಂತ ಮೇಲೆ ಉಳಿದು ಕಂಟ್ರೋಲ್‌ಗೆ ಸಿಗ್ತದೆ. ಆದ್ರೆ 34ಕ್ಕೆ ತಿನ್ನರ್ ನಿಧಾನ ಆರುವುದು ಬೇಕಾಗ್ತದೆ, ಪೇಂಟ್ ಕಂಪನಿಯ ಡಾಟಾ ಶೀಟ್ ನೋಡಿಯೇ ಮಾಡಿ, ಒಳಗೆ ಮಾಸ್ಕ್ ಹಾಕಿ ಕೆಲಸ ಮಾಡುವವರನ್ನೂ ಒಂದು ಮಾತು ಕೇಳಿ, 34ರಲ್ಲಿ ಸೂಟ್ ಹಾಕಿ ನಿಲ್ಲುವುದು ಅವರು. ಮತ್ತೆ ಫಿಲ್ಟರ್ ಕಟ್ಟಿದ್ರೆ 34ಕ್ಕೂ ಇದೇ ಕಥೆ, ಅದನ್ನು ಮೊದಲು ಬದಲಾಯಿಸಿ.

ಗ್ಯಾಸ್ ಉರಿದಾಗ ನೀರಿನ ಆವಿ ಬರ್ತದಲ್ಲ, ಅದು ತೇವ ಹೆಚ್ಚು ಮಾಡುದಿಲ್ವಾ ಅಂತ ಕೆಲವರು ಕೇಳ್ತಾರೆ. ಬರ್ತದೆ, ಒಂದು ಕೆಜಿ ಎಲ್‌ಪಿಜಿಗೆ ಸುಮಾರು 1.6 ಕೆಜಿ ನೀರು. ಆದ್ರೆ ನಿಮ್ಮ ಸ್ಪ್ರೇ ಹೊತ್ತಿಗೆ ಗಂಟೆಗೆ ಮೂರು ಕೆಜಿ ಗ್ಯಾಸ್ ಕೂಡ ಬೇಡ, ಅದೇ ಗಂಟೆಯಲ್ಲಿ ಹಾಯುವ ಗಾಳಿ 21 ಟನ್. ಕೆಜಿ ಗಾಳಿಗೆ 0.2 ಗ್ರಾಂ ಸೇರ್ತದೆ, ಹೊರಗಿನ ಮಳೆ ಗಾಳಿಯಲ್ಲೇ ಕೆಜಿಗೆ 20 ಗ್ರಾಂ ಉಂಟು. ಲೆಕ್ಕಕ್ಕಿಲ್ಲ.

30ರಲ್ಲೇ ನಿಲ್ಲಿಸ್ಬೇಕು ಅಂತಾದ್ರೆ ಬರ್ನರ್ ಕ್ಲೀನ್, ಲೋ ಫೈರ್ ಸೆಟ್ಟಿಂಗ್, ಲಿಂಕೇಜ್ ಆಟ ಇಲ್ಲದ ಹಾಗೆ ಬಿಗಿ ಮಾಡುವುದು, ಇಷ್ಟರಲ್ಲಿ 14 ಕಿಲೋವ್ಯಾಟ್ ಹತ್ತಿರ ಬಂದ್ರೆ ಸಾಕು, 18ಕ್ಕಿಂತ ಕೆಳಗೆ ಆಯ್ತು. ಬರದಿದ್ರೆ ಬರ್ನರ್ ಉದ್ದ ಕಡಿಮೆ ಮಾಡಿಸ್ಬೇಕು, ಲೈನ್ ಬರ್ನರ್ ತುಂಡು ತುಂಡು ಜೋಡಿಸಿದ್ದು, ಒಂದೆರಡು ತುಂಡು ತೆಗೆದು ಪ್ರೊಫೈಲ್ ಪ್ಲೇಟ್ ಅದಕ್ಕೆ ಸರಿಯಾಗಿ ಹೊಂದಿಸಿದ್ರೆ ಫುಲ್ ಫೈರೂ ಇಳೀತದೆ, ಲೋ ಫೈರೂ ಇಳೀತದೆ. ನಿಮಗೆ ಬೇಕಿಂಗ್‌ಗೆ ಬೇಕಾದ್ದೇ 200, 350 ಇಟ್ಟುಕೊಂಡು ಎಂತ ಪ್ರಯೋಜನ. ಇದು ತಯಾರಿಸಿದ ಕಂಪನಿ ಅಥವಾ ಅನುಭವ ಇರುವ ಬರ್ನರ್ ಎಂಜಿನಿಯರ್ ಕೈಯಲ್ಲೇ ಆಗ್ಬೇಕು, ಪರಿಚಯದ ವೆಲ್ಡರ್ ಕೈಯಲ್ಲಿ ಬೇಡ.

ಮಳೆಗಾಲದಲ್ಲಿ ಬರ್ನರ್ ಕಾರಣ ಇಲ್ಲದೆ ಲಾಕೌಟ್ (ತಾನಾಗಿ ಬಂದ್) ಆಗ್ತಾ ಇದ್ರೆ, ಬೆಂಕಿ ಉಂಟಾ ಅಂತ ನೋಡುವ ಫ್ಲೇಮ್ ರಾಡ್‌ನ ಪಿಂಗಾಣಿ ನೋಡಿ. ಅದರಲ್ಲಿ ಹರಿಯುವ ಕರೆಂಟ್ ಮೈಕ್ರೋಆಂಪ್ ಲೆಕ್ಕದ್ದು, ಪಿಂಗಾಣಿ ಮೇಲೆ ಉಪ್ಪು ತೇವ ಕೂತ್ರೆ ಅಲ್ಲೇ ಸೋರಿ ಹೋಗ್ತದೆ, ಬೆಂಕಿ ಇದ್ದರೂ ಇಲ್ಲ ಅಂತ ತಿಳ್ಕೊಂಡು ಗ್ಯಾಸ್ ಬಂದ್ ಮಾಡ್ತದೆ. ಒರೆಸಿ ಒಣಗಿಸಿದ್ರೆ ಸರಿ. ಗಾಳಿ ಸ್ವಿಚ್‌ನ ಸಣ್ಣ ಟ್ಯೂಬ್‌ನಲ್ಲಿ ನೀರು ನಿಂತ್ರೂ ಹೀಗೇ, ಅದು ಟ್ರಿಪ್ ಆಗ್ತಾ ಇದ್ರೆ ಟ್ಯೂಬ್ ಬಿಚ್ಚಿ ಊದಿ ತೆಗೀರಿ, ಜಂಪರ್ ಅಲ್ಲ.

ಪೈಪ್ ಗ್ಯಾಸ್ ಪ್ರಶ್ನೆ. ಕೊಚ್ಚಿ ಮಂಗಳೂರು ಪೈಪ್‌ಲೈನ್ 2021ರ ಜನವರಿ 5ರಂದು ಉದ್ಘಾಟನೆ ಆಯ್ತು, ಸುಮಾರು 450 ಕಿಲೋಮೀಟರ್, ಹಾಗಾಗಿ ನಮ್ಮ ಊರಲ್ಲಿ ಈಗ ಇದು ನಿಜವಾದ ಆಯ್ಕೆ. ಸಿಲಿಂಡರ್ ತಂಟೆ ಇಲ್ಲ, ಅದು ದೊಡ್ಡ ಲಾಭ. ಬೇಕಿಂಗ್ ಹೊತ್ತಿಗೆ ಪೂರ್ತಿ ಹೊರಗಿನ ಗಾಳಿ ತಗೊಂಡ್ರೆ ನಿಮಗೆ ಗಂಟೆಗೆ 15 ಕೆಜಿ ಮೀರಿ ಎಲ್‌ಪಿಜಿ ಬೇಕು, 19 ಕೆಜಿ ಸಿಲಿಂಡರ್‌ನಿಂದ ತಾನಾಗಿ ಆವಿ ಆಗಿ ಬರುವುದು ಗಂಟೆಗೆ ಒಂದು ಕೆಜಿ ಆಸುಪಾಸು, ದ್ರವ ಗ್ಯಾಸನ್ನು ಬಿಸಿ ಮಾಡಿ ಆವಿ ಮಾಡುವ ವೇಪೊರೈಸರ್ ಇಲ್ಲದಿದ್ರೆ ಸಿಲಿಂಡರ್ ತಣ್ಣಗಾಗಿ ಒತ್ತಡ ಬೀಳ್ತದೆ. ಆದ್ರೆ ಗ್ಯಾಸ್ ಬದಲಾಯಿಸಿದ ಮಾತ್ರಕ್ಕೆ ಈ ಓಲಾಟ ನಿಲ್ಲುವುದಿಲ್ಲ. ಎಲ್‌ಪಿಜಿ ಆವಿ ಒಂದು ಘನ ಮೀಟರ್‌ನಲ್ಲಿ ಕೊಡುವ ಶಾಖ ನೈಸರ್ಗಿಕ ಅನಿಲದ ಎರಡೂವರೆ ಪಟ್ಟಿಗೂ ಮೇಲೆ, ಹಾಗಾಗಿ ಆರಿಫಿಸ್ (ಗ್ಯಾಸ್ ಹಾಯುವ ಅಳತೆಯ ತೂತು), ರೆಗ್ಯುಲೇಟರ್, ಹೈ ಲೋ ಪ್ರೆಶರ್ ಸ್ವಿಚ್ ಸೆಟ್ಟಿಂಗ್, ಲೋ ಫೈರ್, ಎಲ್ಲಾ ಹೊಸದಾಗಿ ಮಾಡ್ಬೇಕು. ಅದನ್ನು ಮಾಡುವಾಗಲೇ ಲೋ ಫೈರ್ ಸರಿಯಾಗಿ ಇಳಿಸಿಕೊಂಡ್ರೆ ಒಂದೇ ಖರ್ಚಲ್ಲಿ ಎರಡೂ ಆಯ್ತು. ಗ್ಯಾಸ್ ಲೀಕ್ ಡಿಟೆಕ್ಟರ್ ಕೂಡಾ ಜಾಗ ಬದಲಾಗ್ಬೇಕು, ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಹತ್ತಿರ ಕೂರ್ತದೆ, ನೈಸರ್ಗಿಕ ಅನಿಲ ಹಗುರ, ಮಾಡಿನ ಕಡೆ ಏರ್ತದೆ. ಕೆಳಗಿದ್ದ ಡಿಟೆಕ್ಟರ್ ಅಲ್ಲೇ ಬಿಟ್ರೆ ಅದು ಇದ್ದೂ ಇಲ್ಲದ ಹಾಗೆ.

ಸರ್ವಿಸ್‌ನವರು ಬಂದಾಗ ನಾಲ್ಕು ರೀಡಿಂಗ್ ಬರೆಸಿಕೊಳ್ಳಿ: ಫಿಲ್ಟರ್ ಎರಡು ಬದಿಯ ಒತ್ತಡದ ವ್ಯತ್ಯಾಸ, ಬರ್ನರ್ ಎರಡು ಬದಿಯದ್ದು, ಲೋ ಫೈರ್ ಮಾತ್ರ ಹಿಡಿದಿಟ್ಟು ಹತ್ತು ನಿಮಿಷ ಓಡಿಸಿದಾಗ ಒಳಗೆ ಬರುವ ಮತ್ತೆ ಹೊರಗೆ ಹೋಗುವ ಗಾಳಿಯ ಬಿಸಿ. ಕೊನೆಯ ಎರಡರ ವ್ಯತ್ಯಾಸ 3 ಡಿಗ್ರಿ ಒಳಗೆ ಬಂದ್ರೆ ನನ್ನ ಅಂದಾಜು ತಪ್ಪು, ಆಗ ಸೆನ್ಸರ್ ಜಾಗ ಮತ್ತೆ ಪಿಐಡಿ ಸೆಟ್ಟಿಂಗ್ ಕಡೆ ನೋಡುವ. 5, 6 ಡಿಗ್ರಿ ಬಂದ್ರೆ ಬರ್ನರ್ ಬಿಚ್ಚಿ ತೂತು ಕ್ಲೀನ್ ಮಾಡಿಸಿ. ಅಂಕಿಗಳನ್ನು ಬರೆದು ಕಳಿಸಿ, ಬರ್ನರ್ ಪ್ಲೇಟ್‌ನ ಫೋಟೋ ಸಮೇತ.